ಸರ್‌ಲಷ್ಕರರ ನೆಲಗೋಟೆ

ಕೊಲ್ಲಾಪುರದ ಕಡೆಯಿಂದ ವೇದಗಂಗೆಯನ್ನು ದಾಟಿ ತವಂದಿ ಘಾಟಿನತ್ತ ಸಾಗುವ ಹೆದ್ದಾರಿಯ ಮಗ್ಗುಲಿಗೆ ನಿಪ್ಪಾಣಿ ಇದೆ. ನಾಡಿಗೆಲ್ಲ ಅದು ತಂಬಾಕಿನ ಪೇಟೆ. ಆ ಹೆಸರು ಬರುವ ಮೊದಲು ಅದು ದಂಡಿನ ಊರು.

ಈ ದಂಡಿನ ಒಡೆಯ ಸಿದ್ಧೋಜಿರಾವ್ ನಾಯಕ ನಿಂಬಾಳ್ಕರ್. ಜನರ ಬಾಯಲ್ಲಿ ಅಪ್ಪಾ ದೇಸಾಯಿ. 1802ರಲ್ಲಿ ಹೋಳ್ಕರನಿಗೆ ಸೋತು ಪುಣೆ ಬಿಟ್ಟ ಪೇಶ್ವೆ ಎರಡನೆಯ ಬಾಜಿರಾಯನನ್ನು ಮತ್ತೆ ಗಾದಿಗೆ ಕೂರಿಸಲು, ಮರುವರ್ಷ ಕುಂಪಣಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ಮೈಸೂರಿನ ಗಡಿಯಿಂದ ಉತ್ತರಕ್ಕೆ ನಡೆದ. ದಾರಿಯಲ್ಲಿ ಅವನ ಜೊತೆಗೂಡಿದ ಮರಾಠಾ ಸರದಾರರಲ್ಲಿ ದೇಸಾಯಿಯ ಕುದುರೆ ದಂಡೂ ಇತ್ತು. 1803ರ ಏಪ್ರಿಲ್ 20ರಂದು ವೆಲ್ಲೆಸ್ಲಿ ಪುಣೆ ಮುಟ್ಟಿದ. ಪೇಶ್ವೆಯಿಂದ ದೇಸಾಯಿಗೆ ಸಂದ ‘ಸರ್‌ಲಷ್ಕರ್’ ಪದವಿ ಮನೆತನದ ಹೆಸರಿಗೇ ಅಂಟಿಕೊಂಡಿತು.

ಪದವಿಯ ಬೆನ್ನಿಗೆ ಹಗೆಯೂ ಬಂತು. ಚಿಕ್ಕೋಡಿ, ಮನೋಳಿ ಸೀಮೆಗಳಿಗಾಗಿ ನಿಪ್ಪಾಣಿ ಮತ್ತು ಕೊಲ್ಲಾಪುರಗಳು ವರ್ಷಗಟ್ಟಲೆ ಕಾದಾಡಿದವು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಕುಂಪಣಿ ಸರಕಾರ ಆ ಎರಡೂ ಸೀಮೆಗಳನ್ನು ಕೊಲ್ಲಾಪುರಕ್ಕೆ ಕೊಟ್ಟಿತು. ಹತ್ತು ವರ್ಷ ತುಂಬುವಷ್ಟರಲ್ಲಿ ತಾನೇ ತೆಗೆದುಕೊಂಡಿತು. ಚಿಕ್ಕೋಡಿಯ ಒಬ್ಬನೇ ರೈತ ತನ್ನ ಆಯುಷ್ಯದಲ್ಲಿ ಮೂರು ಧಣಿಗಳಿಗೆ ಕಂದಾಯ ಹೊತ್ತ. ಇತಿಹಾಸ ಸರದಾರರನ್ನು ಎಣಿಸುತ್ತದೆ. ನನಗೆ ಈ ರೈತನೇ ಹೆಚ್ಚು ಕಾಡುತ್ತಾನೆ.

ಇಂಥ ಕಾಲದಲ್ಲಿ ಕೋಟೆಯಿಲ್ಲದೆ ದೇಸಗತಿ ನಿಲ್ಲುತ್ತಿರಲಿಲ್ಲ. ಘಟ್ಟದ ಅಂಚಿನ ಸಾಮಾನಗಡ, ಸಂಕೇಶ್ವರದ ಬಳಿಯ ವಲ್ಲಭಗಡಗಳಿಗೆ ಗುಡ್ಡವೇ ಅರ್ಧ ಗೋಡೆ. ನಿಪ್ಪಾಣಿಯಂಥ ಬಯಲಿನ ಕೋಟೆಗೆ ಆ ಭಾಗ್ಯವಿಲ್ಲ. ಅಲ್ಲಿ ಕಂದಕ ತೋಡಿ, ತೋಡಿದ ಮಣ್ಣನ್ನೇ ಗೋಡೆಗೆ ಏರಿಸಬೇಕು. ತೋಪಿನ ಕಾಲಕ್ಕೆ ಈ ಮಣ್ಣೇ ಬಲವಾಯಿತು. ಕಲ್ಲಿನ ತೆಳು ಗೋಡೆ ಗುಂಡು ತಗುಲಿದರೆ ಸಿಡಿದು ಬೀಳುತ್ತದೆ, ದಪ್ಪ ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ. ಗೋಡೆಗಿಂತ ಮುಂಚಾಚಿದ ದುಂಡು ಬುರುಜಿನಲ್ಲಿ ನಿಂತವನಿಗೆ, ಗೋಡೆಯ ಬುಡಕ್ಕೆ ನುಸುಳಿದ ವೈರಿಯೂ ಅಡ್ಡಲಾಗಿ ಕಾಣುತ್ತಾನೆ. ಊರೂರಿನ ಕಾವಲು ಹುಡೇವುಗಳನ್ನು ದುಂಡಗೆ ಕಟ್ಟಿದ ನಮ್ಮ ಹಳ್ಳಿಯ ಕೈಗಳಿಗೆ ಈ ಲೆಕ್ಕ ಹೊಸದಾಗಿರಲಿಲ್ಲ. ಬಾಗಿಲಿಗೆ ಆನೆ ಹಣೆಯೊಡ್ಡದಂತೆ ಕಬ್ಬಿಣದ ಮೊಳೆ, ಒಬ್ಬೊಬ್ಬರೇ ಬಗ್ಗಿ ಬರುವಂತೆ ದಿಡ್ಡಿ: ಬಯಲುಸೀಮೆಯ ಕೋಟೆಗಳ ವಾಡಿಕೆಯ ಏರ್ಪಾಟು ಇದು.

1818ರ ಏಪ್ರಿಲ್ 10ರಂದು ಬೆಳಗಾವಿಯ ಕೋಟೆ ಕುಂಪಣಿಯ ದಂಡನಾಯಕ ಮನ್ರೋನ ತೋಪುಗಳಿಗೆ ಶರಣಾಯಿತು. ನಿಪ್ಪಾಣಿಗೆ ಆ ಪಾಡು ಬರಲಿಲ್ಲ. ದೇಸಾಯಿಯ ಜಹಗೀರು ಉಳಿಯಿತು. ಅದನ್ನು ಕಡೆಗೆ ಕಿತ್ತುಕೊಂಡದ್ದು ತೋಪಲ್ಲ, ಖಾಲಿ ತೊಟ್ಟಿಲು. 1839ರಲ್ಲಿ ಗಂಡುಸಂತಾನವಿಲ್ಲದೆ ಸಿದ್ಧೋಜಿರಾವ್ ತೀರಿಕೊಂಡರು. ವಾರಸುದಾರರಿಲ್ಲವೆಂದು ಕುಂಪಣಿ ಸರಕಾರ ದೇಸಗತಿಯನ್ನು ಖಾಲಸಾ ಮಾಡಿತು.

1841ರಲ್ಲಿ ಕೋಟೆ ಕೊನೆಯ ಬಾರಿ ಬಾಗಿಲು ಮುಚ್ಚಿತು. ಅರಬ್ ಸಿಪಾಯಿಗಳ ಗುಂಪೊಂದು ಅದನ್ನು ಹಿಡಿದು ಕೂತಿತು. ದಖ್ಖನಿನ ಸಂಸ್ಥಾನಗಳಲ್ಲೆಲ್ಲ ಸಂಬಳಕ್ಕೆ ದುಡಿದು, ಕದಲದ ಕಾವಲಿಗೆ ಹೆಸರಾದವರು ಅರಬರು. ಬೆಳಗಾವಿಯಿಂದ ಪಡೆ ಬಂತು, ಕೋಟೆ ಕುಂಪಣಿಯ ಕೈಸೇರಿತು. ಆಮೇಲೆ ಅದರ ಕಾಪಿನ ಕಟ್ಟುಗಳನ್ನು ಕೆಡವಿಸಲಾಯಿತು.

ಮೂರೇ ವರ್ಷಕ್ಕೆ, 1844ರಲ್ಲಿ, ಕೊಲ್ಲಾಪುರ ಸೀಮೆಯ ಗಡಕರಿಗಳು ಸಾಮಾನಗಡದ ಬಾಗಿಲು ಹಾಕಿದರು. ತಲೆಮಾರುಗಳಿಂದ ಗಡ ಕಾದು, ಅದಕ್ಕೆ ಪ್ರತಿಯಾಗಿ ಹೊಲ ಉಂಡ ಮನೆತನಗಳವು; ಆ ಹೊಲಕ್ಕೇ ಸರಕಾರ ಕೈ ಹಾಕಿತ್ತು. ಅಕ್ಟೋಬರ್ 13ರಂದು ಆ ಗಡವೂ ಬಿತ್ತು. ಒಂದು ಕಡೆ ಸಂಬಳದ ಸಿಪಾಯಿ, ಇನ್ನೊಂದು ಕಡೆ ಮಣ್ಣಿನ ಮಗ. ಇಬ್ಬರು ಕಾದ ಗೋಡೆಯೂ ಉಳಿಯಲಿಲ್ಲ.

ನಿಪ್ಪಾಣಿಯ ಹಳೆ ಪೇಟೆಯಲ್ಲಿ ದೇಸಾಯರ ವಾಡೆ ಇನ್ನೂ ಇದೆ. ಊರವರು ಅದನ್ನು ರಾಜವಾಡಾ ಎನ್ನುತ್ತಾರೆ.