ಜೋಳದ ಹಕ್ಕಿ ಹಿತ್ತಲಿಗೆ ಬಂತು

ನಮ್ಮ ಮನೆ ಕಲಬುರಗಿ ಕೋಟೆಯ ಕಂದಕಕ್ಕೆ ಹತ್ತಿರದ ಓಣಿಯಲ್ಲಿದೆ. ಶಹಾಬಾದ್ ಫರಸಿ ಹಾಸಿದ ಹಿತ್ತಲು, ಒಂದು ಬೇವು, ಒಂದು ದಾಳಿಂಬೆ, ಮೂಲೆಯಲ್ಲಿ ನೀರಿನ ದೋಣಿ. ಕೆಲವು ವರ್ಷ ಚಳಿಗಾಲದಲ್ಲಿ ಈ ಬೇವಿಗೆ ಗುಲಾಬಿ ಕಬ್ಬಕ್ಕಿಗಳ ಹಿಂಡು ಇಳಿಯುತ್ತದೆ. ಕಪ್ಪು ತಲೆ, ಕಪ್ಪು ರೆಕ್ಕೆ, ನಡುವೆ ತಿಳಿಗುಲಾಬಿ ಮೈ. ಮಧ್ಯ ಏಷ್ಯಾದ ಹುಲ್ಲುಗಾವಲಲ್ಲಿ ಮಿಡತೆ ತಿನ್ನಿಸಿ ಮರಿ ಬೆಳೆಸಿ, ಇಲ್ಲಿಯವರೆಗೆ ಹಾರಿಬಂದ ಹಕ್ಕಿ ನಮ್ಮ ದೋಣಿಯಲ್ಲಿ ನೀರು ಕುಡಿಯುವಾಗ ನಾನು ಕೈಯ ಕೆಲಸ ಬಿಟ್ಟು ನಿಲ್ಲುತ್ತೇನೆ.

ಕಮಲಾಪುರದ ಹೊಲಗಳಲ್ಲಿ ಬೆಳೆದ ನನ್ನ ಅಜ್ಜಿಗೆ ಇದು ಕಳ್ಳ. ಹಿಂಗಾರಿ ಬಿಳಿಜೋಳ ಹಾಲು ತುಂಬುವ ಹೊತ್ತಿಗೆ ಹೊಲದ ನಡುವೆ ಅಟ್ಟ ಕಟ್ಟುತ್ತಿದ್ದರು. ನಸುಕಿನಲ್ಲಿ ಕವಣೆ ಹಿಡಿದು ಹತ್ತಿದವರು ಹೊತ್ತು ಮುಳುಗಿದ ಮೇಲೇ ಇಳಿಯುವುದು. "ಹಕ್ಕಿ ಚಂದ ಅಂತ ನೋಡ್ಕೋತ ಕುಂತ್ರ ಸೀತನಿಗೂ ಒಂದು ತೆನಿ ಉಳಿಯಂಗಿಲ್ಲ" ಅನ್ನುತ್ತಿದ್ದಳು. ಆದರೂ ಯಾವ ಹಿಂಡು ಯಾವ ದಿಕ್ಕಿನಿಂದ ಬರುತ್ತದೆ, ಯಾವ ಮರದಲ್ಲಿ ರಾತ್ರಿ ಕಳೆಯುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಹಕ್ಕಿ ನೋಡುವ ವಿದ್ಯೆ ನಮ್ಮ ಸೀಮೆಯಲ್ಲಿ ಹುಟ್ಟಿದ್ದು ಆ ಅಟ್ಟಗಳ ಮೇಲೆ ಎಂದೇ ನನ್ನ ನಂಬಿಕೆ. ಮದ್ರಾಸ್ ಸೈನ್ಯದ ವೈದ್ಯ ಥಾಮಸ್ ಜರ್ಡನ್ ಕೂಡ 1862ರಿಂದ 64ರ ನಡುವೆ ಹೊರತಂದ ತನ್ನ ಗ್ರಂಥದಲ್ಲಿ ಈ ಗುಲಾಬಿ ಕಬ್ಬಕ್ಕಿಯನ್ನು ಜೋಳದ ಹಕ್ಕಿ ಎಂದೇ ಗುರುತಿಸಿದ.

ಆಗ ಕಲಬುರಗಿ ನಿಜಾಮರ ರಾಜ್ಯದಲ್ಲಿತ್ತು. ಆ ರಾಜ್ಯದ ಹಕ್ಕಿಗಳನ್ನು ಕ್ರಮವಾಗಿ ಸಮೀಕ್ಷೆ ಮಾಡಿದವರು ಸಲೀಂ ಅಲಿ, 1931–32ರಲ್ಲಿ. ಬಂದೂಕಿನಿಂದ ಹೊಡೆದು, ಚರ್ಮ ಸುಲಿದು, ಅಳತೆ ಬರೆದಿಡುವುದು ಆ ಕಾಲದ ಪದ್ಧತಿ. 1941ರಲ್ಲಿ ಅವರ ಬಣ್ಣದ ಚಿತ್ರಗಳ ಪುಸ್ತಕ ಬಂದ ಮೇಲೆ ಕವಣೆಯಾಗಲಿ ಬಂದೂಕಾಗಲಿ ಇಲ್ಲದ ಮನೆಮಂದಿಯೂ ಹಿತ್ತಲಿನ ಹಕ್ಕಿಯ ಹೆಸರು ಹೇಳುವಂತಾಯಿತು. ನಾನು ಅಂಥವರ ಸಾಲಿಗೆ ಸೇರಿದವಳು.

ನಮ್ಮ ಓಣಿಗೆ ಹಕ್ಕಿ ಬರುವುದಕ್ಕೆ ಕೋಟೆಯೂ ಕಾರಣ. 1347ರಲ್ಲಿ ಬಹಮನಿ ಸುಲ್ತಾನರು ಇಲ್ಲಿ ರಾಜಧಾನಿ ಮಾಡಿದರು, 1367ರಲ್ಲಿ ಜಾಮಿಯಾ ಮಸೀದಿ ಎದ್ದಿತು. ಮುಂದಿನ ಶತಮಾನದಲ್ಲಿ ದರ್ಬಾರು ಬೀದರಿಗೆ ಹೋಯಿತು, ಕಂದಕ ಇಲ್ಲೇ ಉಳಿಯಿತು. ಅದರ ನೀರು, ಜೊಂಡು, ದಂಡೆಯ ಜಾಲಿ ನಂಬಿ ಬಂದವು ಆಗಾಗ ನಮ್ಮ ಗೋಡೆ ದಾಟುತ್ತವೆ. ಒಂದು ಮುಂಗಾರಿನ ಮೊದಲ ಮಳೆಯ ಮಾರನೆಯ ಬೆಳಗ್ಗೆ ದಾಳಿಂಬೆಯ ಬುಡದಲ್ಲಿ ತರಗೆಲೆ ಕೆದಕುತ್ತ ನವರಂಗ ಕಂಡಿತು. ರಾತ್ರಿಯಲ್ಲಿ ವಲಸೆ ಹೋಗುವ ಹಕ್ಕಿ ಅದು, ದಣಿದರೆ ಸಿಕ್ಕ ತೋಟಕ್ಕೆ ಇಳಿಯುತ್ತದೆ. ಹಸಿರು ಬೆನ್ನು, ಕೆಂಪು ಕಿಬ್ಬೊಟ್ಟೆ, ತುಂಡು ಬಾಲ. ಮನೆಯವರನ್ನೆಲ್ಲ ಪಿಸುಮಾತಿನಲ್ಲಿ ಕರೆದು ಕಿಟಕಿಗೆ ನಿಲ್ಲಿಸಿದೆ.

ಅಜ್ಜಿಯ ಹೊಲದಲ್ಲಿ ಈಗ ತೊಗರಿ ಇದೆ, ಅಟ್ಟ ಇಲ್ಲ. ಕಾಯಿಕೊರಕ ಹುಳು ತಿನ್ನಲಿ ಎಂದು ನಮ್ಮ ಸೀಮೆಯ ರೈತರು ಸಾಲಿನ ನಡುವೆ ಕವಲುಕಡ್ಡಿ ನೆಟ್ಟು ಹಕ್ಕಿಗಳನ್ನು ಕರೆಯುತ್ತಾರೆ. ಕಾಜಾಣ ಕೂರುತ್ತದೆ, ಗೊರವಂಕ ಕೂರುತ್ತದೆ. ಈ ಸಲ ಹೋದಾಗ ಜೋಳದ ಹಕ್ಕಿಯೂ ಬರುತ್ತದೆಯೇ ಎಂದು ನೋಡುವುದಿದೆ.