ಬಾಸ್ಟನ್ ನಗರದ ಮ್ಯಾಕ್ರೋಬಯಾಟಿಕ್ ಸಮುದಾಯ : ಉಗಮ, ಬೆಳವಣಿಗೆ ಮತ್ತು ಅವನತಿ

ಪೀಠಿಕೆ

ಮಾನವ ಸಮುದಾಯಗಳು ಧರ್ಮ, ಭಾಷೆ, ವೃತ್ತಿ, ಪ್ರದೇಶ ಮೊದಲಾದ ನೆಲೆಗಳ ಮೇಲೆ ರೂಪುಗೊಂಡಿರುವುದನ್ನು ಇತಿಹಾಸಕಾರರು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಆದರೆ ಆಹಾರ ಪದ್ಧತಿಯೊಂದನ್ನೇ ಜೀವನದರ್ಶನವಾಗಿ ಸ್ವೀಕರಿಸಿ, ಅದರ ಸುತ್ತ ಮನೆ, ಅಂಗಡಿ, ಪತ್ರಿಕೆ ಮತ್ತು ಶಾಲೆಗಳನ್ನು ಕಟ್ಟಿಕೊಂಡ ಸಮುದಾಯಗಳ ಕಡೆಗೆ ಹರಿದಿರುವ ಗಮನ ಕಡಿಮೆ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಬಾಸ್ಟನ್ ನಗರ ಮತ್ತು ಅದಕ್ಕೆ ಹೊಂದಿಕೊಂಡ ಬ್ರೂಕ್‌ಲೈನ್ ಪ್ರದೇಶದಲ್ಲಿ ನೆಲೆಗೊಂಡ ಮ್ಯಾಕ್ರೋಬಯಾಟಿಕ್ ಸಮುದಾಯವು ಇಂತಹವುಗಳಲ್ಲಿ ಪ್ರಮುಖವಾದುದು. ಈ ಸಮುದಾಯದ ಹುಟ್ಟು, ಏಳಿಗೆ ಹಾಗೂ ಅವನತಿಯ ಹಂತಗಳನ್ನು ಗುರುತಿಸಿ, ಅವುಗಳ ಹಿಂದಿನ ಕಾರಣಗಳನ್ನು ವಿಶ್ಲೇಷಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ತಾತ್ವಿಕ ಹಿನ್ನೆಲೆ

'ಮ್ಯಾಕ್ರೋಬಯಾಟಿಕ್' ಎಂಬ ಶಬ್ದವು ದೀರ್ಘಜೀವನ ಎಂಬ ಅರ್ಥವುಳ್ಳ ಗ್ರೀಕ್ ಮೂಲದಿಂದ ಬಂದುದು. ಜರ್ಮನಿಯ ವೈದ್ಯ ಹುಫೆಲಾಂಡ್ 18ನೆಯ ಶತಮಾನದ ಕೊನೆಯಲ್ಲಿ ಆಯುಸ್ಸನ್ನು ಹೆಚ್ಚಿಸುವ ಕಲೆಯನ್ನು ಕುರಿತು ಬರೆದ ಗ್ರಂಥದಿಂದ ಈ ಶಬ್ದ ಪ್ರಚಾರ ಪಡೆಯಿತು. ಆದರೆ ಬಾಸ್ಟನ್ ಸಮುದಾಯದ ಬೇರುಗಳಿರುವುದು ಜರ್ಮನಿಯಲ್ಲಲ್ಲ, ಜಪಾನಿನಲ್ಲಿ. ಮೇಜಿ ಯುಗದಲ್ಲಿ ಪಾಶ್ಚಾತ್ಯ ವೈದ್ಯಕೀಯ ಮತ್ತು ಮಾಂಸಾಹಾರಕ್ಕೆ ರಾಜಮರ್ಯಾದೆ ದೊರೆಯುತ್ತಿದ್ದ ಸಂದರ್ಭದಲ್ಲಿ ಸೇನಾ ವೈದ್ಯನಾಗಿದ್ದ ಸಾಗೆನ್ ಇಶಿಜುಕ ಅದಕ್ಕೆ ವಿರುದ್ಧವಾದ ನಿಲುವನ್ನು ತಳೆದನು. ದೇಹದಲ್ಲಿನ ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳ ಸಮತೋಲವೇ ಆರೋಗ್ಯದ ಮೂಲವೆಂದೂ, ಪಾಲಿಶ್ ಮಾಡದ ಅಕ್ಕಿ ಹಾಗೂ ಆಯಾ ನೆಲದಲ್ಲಿ ಆಯಾ ಋತುವಿನಲ್ಲಿ ಬೆಳೆದ ತರಕಾರಿಗಳೇ ಯೋಗ್ಯ ಆಹಾರವೆಂದೂ ಆತ ಪ್ರತಿಪಾದಿಸಿದನು.

ಈ ಪರಂಪರೆಯನ್ನು ಮುಂದುವರಿಸಿದವನು ಯುಕಿಕಜು ಸಕುರಜವ. ಹೊರದೇಶಗಳಲ್ಲಿ ಜಾರ್ಜ್ ಓಸಾವಾ ಎಂಬ ಹೆಸರಿನಿಂದ ಪ್ರಸಿದ್ಧನಾದ ಈತ (1893-1966) ಇಶಿಜುಕನ ಲವಣ ಸಿದ್ಧಾಂತವನ್ನು ಯಿನ್ ಮತ್ತು ಯಾಂಗ್ ಎಂಬ ಪ್ರಾಚೀನ ಪೌರ್ವಾತ್ಯ ದ್ವಂದ್ವದ ಪರಿಭಾಷೆಯಲ್ಲಿ ಪುನರ್ನಿರೂಪಿಸಿದನು. ಇದರಿಂದಾಗಿ ಪಥ್ಯಕ್ರಮವೊಂದು ವಿಶ್ವದರ್ಶನದ ಸ್ವರೂಪವನ್ನು ಪಡೆಯಿತು. ಓಸಾವಾನು ಆಹಾರವನ್ನು ಹತ್ತು ಮೆಟ್ಟಿಲುಗಳಾಗಿ ವಿಂಗಡಿಸಿದ್ದನು. 'ಏಳನೆಯ ಕ್ರಮ' ಎಂದು ಕರೆಯಲಾದ ಅತ್ಯುನ್ನತ ಮೆಟ್ಟಿಲಿನಲ್ಲಿ ಧಾನ್ಯವನ್ನುಳಿದು ಬೇರಾವ ಆಹಾರಕ್ಕೂ ಸ್ಥಾನವಿರಲಿಲ್ಲ. ಈ ಕಟ್ಟುನಿಟ್ಟು ಮುಂದೆ ಇಡೀ ಚಳವಳಿಗೆ ಕಂಟಕವಾಗಿ ಪರಿಣಮಿಸಿತು.

ಅಮೆರಿಕದಲ್ಲಿ ಆರಂಭ

ಓಸಾವಾನ ಶಿಷ್ಯರಾದ ಮಿಚಿಯೋ ಕುಶಿ (1926-2014) ಮತ್ತು ಅವೆಲೀನ್ ಕುಶಿ (1923-2001) ದಂಪತಿಗಳು ಬಾಸ್ಟನ್ ಸಮುದಾಯದ ಸ್ಥಾಪಕರು. ಟೋಕಿಯೋದಲ್ಲಿ ವ್ಯಾಸಂಗ ಮಾಡಿದ್ದ ಮಿಚಿಯೋ ಎರಡನೆಯ ಮಹಾಯುದ್ಧದ ವಿನಾಶವನ್ನು ಕಂಡು ವಿಶ್ವ ಸರ್ಕಾರದ ಕಲ್ಪನೆಗೆ ಮಾರುಹೋಗಿ 1949ರಲ್ಲಿ ಅಮೆರಿಕಕ್ಕೆ ತೆರಳಿದರು. ಶಿಮಾನೆ ಪ್ರಾಂತ್ಯದಲ್ಲಿ ಶಾಲಾ ಶಿಕ್ಷಕಿಯಾಗಿದ್ದ ಅವೆಲೀನ್, ಯೊಕೊಹಾಮಾದ ಬಳಿ ಓಸಾವಾ ನಡೆಸುತ್ತಿದ್ದ ಶಾಲೆಯಲ್ಲಿ ಕಲಿತು 1951ರಲ್ಲಿ ಅಲ್ಲಿಗೆ ಬಂದರು. ರಾಜಕೀಯ ಸಂಸ್ಥೆಗಳಿಂದ ಸಾಧ್ಯವಾಗದ ವಿಶ್ವಶಾಂತಿಯನ್ನು ಅಡುಗೆಮನೆಯ ಮೂಲಕ ಸಾಧಿಸಬಹುದೆಂಬ ನಂಬಿಕೆಯೇ ಇವರಿಬ್ಬರ ಕಾರ್ಯಕ್ಕೆ ಪ್ರೇರಣೆಯಾಯಿತು.

ಆರಂಭದ ವರ್ಷಗಳಲ್ಲಿ ಈ ಚಳವಳಿಯ ಕೇಂದ್ರ ನ್ಯೂಯಾರ್ಕ್ ಆಗಿತ್ತು. 1961ರ ಬರ್ಲಿನ್ ಬಿಕ್ಕಟ್ಟಿನ ಸಮಯದಲ್ಲಿ ಅಣುಯುದ್ಧದ ಭೀತಿಯಿಂದ ಮೂವತ್ತಕ್ಕೂ ಹೆಚ್ಚು ಮಂದಿ ಅನುಯಾಯಿಗಳು ಕ್ಯಾಲಿಫೋರ್ನಿಯಾದ ಚಿಕೋ ಪಟ್ಟಣಕ್ಕೆ ವಲಸೆ ಹೋದರು. ಉಳಿದ ನ್ಯೂಯಾರ್ಕ್ ಗುಂಪಿಗೆ 1965ರಲ್ಲಿ ದೊಡ್ಡ ಆಘಾತ ಒದಗಿತು. ಓಸಾವಾನ ಏಳನೆಯ ಕ್ರಮವನ್ನು ದೀರ್ಘಕಾಲ ಆಚರಿಸಿದ ಯುವತಿಯೊಬ್ಬಳು ಆ ವರ್ಷದ ನವೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಅಪೌಷ್ಟಿಕತೆಯಿಂದ ಮರಣ ಹೊಂದಿದಳು. ಪತ್ರಿಕೆಗಳು ಈ ಪ್ರಕರಣವನ್ನು ಬಹುವಾಗಿ ಚರ್ಚಿಸಿದವು. ಸರ್ಕಾರಿ ಅಧಿಕಾರಿಗಳ ಕ್ರಮದಿಂದ ನ್ಯೂಯಾರ್ಕಿನ ಓಸಾವಾ ಪ್ರತಿಷ್ಠಾನದ ಚಟುವಟಿಕೆಗಳು ಸ್ಥಗಿತಗೊಂಡವು. 1971ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಆಹಾರ ಮತ್ತು ಪೋಷಣಾ ಮಂಡಳಿಯು ಇಂತಹ ಪಥ್ಯವು ಅಪಾಯಕರವೆಂದು ಬಹಿರಂಗವಾಗಿ ಎಚ್ಚರಿಸಿತು. ಹೀಗೆ ಬಾಸ್ಟನ್ ಸಮುದಾಯವು ಒಂದು ಸಾವಿನ ನೆರಳಿನಲ್ಲಿಯೇ ತನ್ನ ಬದುಕನ್ನು ಆರಂಭಿಸಿತೆಂಬುದನ್ನು ಮರೆಯುವಂತಿಲ್ಲ.

ಬೆಳವಣಿಗೆಯ ಕಾಲ

1960ರ ದಶಕದ ಮಧ್ಯಭಾಗದಲ್ಲಿ ಕುಶಿ ದಂಪತಿಗಳು ಬಾಸ್ಟನ್ ಪರಿಸರಕ್ಕೆ ಬಂದು ನೆಲೆಸಿದರು. ಅನೇಕ ವಿಶ್ವವಿದ್ಯಾಲಯಗಳಿದ್ದ ಆ ಪ್ರದೇಶವು ಆಗ ಯುವಜನರಿಂದ ತುಂಬಿತ್ತು. ವಿಯೆಟ್ನಾಂ ಯುದ್ಧದಿಂದ ಬೇಸತ್ತು, ಪ್ರಚಲಿತ ಜೀವನಕ್ರಮವನ್ನು ನಿರಾಕರಿಸಿ, ಮಾದಕ ವಸ್ತುಗಳ ಸೆಳೆತದಿಂದಲೂ ಹೊರಬರಲು ದಾರಿ ಹುಡುಕುತ್ತಿದ್ದ ತರುಣ ತರುಣಿಯರಿಗೆ ಮಿಚಿಯೋ ಕುಶಿಯವರ ಉಪನ್ಯಾಸಗಳು ಹೊಸ ದಿಕ್ಕನ್ನು ತೋರಿದವು. ಅರ್ಲಿಂಗ್ಟನ್ ಸ್ಟ್ರೀಟ್ ಚರ್ಚಿನಲ್ಲಿ ನಡೆಯುತ್ತಿದ್ದ ಉಪನ್ಯಾಸಗಳಿಗೆ ದೂರದ ಊರುಗಳಿಂದಲೂ ಜನ ಬರತೊಡಗಿದರು.

ಹೀಗೆ ಬಂದವರಿಗೆ ಆಶ್ರಯ ನೀಡಿದವು 'ಅಧ್ಯಯನ ಗೃಹ'ಗಳು. ಬ್ರೂಕ್‌ಲೈನ್ ಮತ್ತು ಬಾಸ್ಟನ್ನಿನ ಹಳೆಯ ದೊಡ್ಡ ಮನೆಗಳಲ್ಲಿ ಹಲವರು ಒಟ್ಟಾಗಿ ವಾಸಿಸುತ್ತ, ಒಂದೇ ಒಲೆಯಲ್ಲಿ ಬೇಯಿಸಿದ ಅನ್ನವನ್ನು ಉಣ್ಣುತ್ತ, ಸಂಜೆ ಉಪನ್ಯಾಸಗಳನ್ನು ಆಲಿಸುತ್ತಿದ್ದರು. ಕಂದು ಅಕ್ಕಿ, ಸೋಯಾ ಅವರೆಯನ್ನು ಹುದುಗಿಸಿ ಮಾಡಿದ ಮಿಸೋ ಹಾಕಿದ ಸಾರು, ತರಕಾರಿ, ದ್ವಿದಳ ಧಾನ್ಯ, ಕಡಲ ಸಸ್ಯ, ಹುರಿದ ಎಳ್ಳನ್ನು ಉಪ್ಪಿನೊಡನೆ ಅರೆದ ಪುಡಿ - ಇವು ನಿತ್ಯದ ಆಹಾರ. ಓಸಾವಾನ ಮೆಟ್ಟಿಲುಗಳ ಕಠಿಣ ಕ್ರಮವನ್ನು ಮಿಚಿಯೋ ಕಾಲಕ್ರಮದಲ್ಲಿ ಸಡಿಲಿಸಿದರು. ಇಡಿಧಾನ್ಯ ಶೇಕಡ 50ರಿಂದ 60, ತರಕಾರಿ ಶೇಕಡ 25ರಿಂದ 30, ಉಳಿದುದು ಸಾರು, ಕಾಳು ಮತ್ತು ಕಡಲ ಸಸ್ಯಗಳೆಂಬ 'ಪ್ರಮಾಣಿತ ಕ್ರಮ'ವನ್ನು ರೂಪಿಸಿ, ಆಗೊಮ್ಮೆ ಈಗೊಮ್ಮೆ ಮೀನಿಗೂ ಅವಕಾಶ ಕಲ್ಪಿಸಿದರು. ಉಪನ್ಯಾಸ ವೇದಿಕೆಯಲ್ಲಿ ಮಿಚಿಯೋ ಪ್ರಸಿದ್ಧರಾದರೂ, ನೂರಾರು ಮಂದಿಗೆ ಅಡುಗೆ ಕಲಿಸಿ ತತ್ವವನ್ನು ನಿತ್ಯ ಬಳಕೆಗೆ ಇಳಿಸಿದವರು ಅವೆಲೀನ್. 1985ರಲ್ಲಿ ಪ್ರಕಟವಾದ ಅವರ ಪಾಕಗ್ರಂಥವು ಈ ಪರಂಪರೆಯ ಮುಖ್ಯ ಆಕರವಾಗಿದೆ.

ಸಮುದಾಯದ ಆರ್ಥಿಕ ನೆಲೆಯಾಗಿ ನಿಂತುದು 'ಎರೆವಾನ್' ಎಂಬ ಅಂಗಡಿ. 19ನೆಯ ಶತಮಾನದ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಬಟ್ಲರನ ಕಾದಂಬರಿಯಲ್ಲಿ ಬರುವ ಕಾಲ್ಪನಿಕ ದೇಶದ ಹೆಸರಿದು. ಆ ದೇಶದಲ್ಲಿ ಕಾಯಿಲೆ ಬೀಳುವುದೇ ಅಪರಾಧ. 1966ರ ಏಪ್ರಿಲಿನಲ್ಲಿ ಬಾಸ್ಟನ್ನಿನ ನ್ಯೂಬರಿ ಬೀದಿಯಲ್ಲಿ, ರಸ್ತೆ ಮಟ್ಟಕ್ಕಿಂತ ತಗ್ಗಿನಲ್ಲಿದ್ದ ಪುಟ್ಟ ಕೋಣೆಯೊಂದರಲ್ಲಿ ಇದು ಆರಂಭವಾಯಿತು. ಅದೇ ತಿಂಗಳಲ್ಲಿ ಜಪಾನಿನಲ್ಲಿ ಓಸಾವಾ ನಿಧನನಾದನು. ಮುಂದಿನ ವರ್ಷ ಅಂಗಡಿಯ ಆಡಳಿತ ವಹಿಸಿಕೊಂಡ ಪಾಲ್ ಹಾಕನ್ ಎಂಬ ತರುಣನ ಕಾಲದಲ್ಲಿ ಎರೆವಾನ್ ಸಗಟು ವ್ಯಾಪಾರ ಸಂಸ್ಥೆಯಾಗಿ ಬೆಳೆಯಿತು. ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕ ಬಳಸದ ಧಾನ್ಯವನ್ನು ನೇರವಾಗಿ ರೈತರಿಂದ ಕೊಳ್ಳುವ ಒಪ್ಪಂದಗಳು ಏರ್ಪಟ್ಟವು. ಜಪಾನಿನ ಮುಸೋ ಮತ್ತು ಮಿತೋಕು ಸಂಸ್ಥೆಗಳಿಂದ ಸಾಂಪ್ರದಾಯಿಕ ಮಿಸೋ ಹಾಗೂ ಸೋಯಾ ರಸ ಆಮದಾಗತೊಡಗಿತು. 1969ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿಯೂ ಶಾಖೆ ತೆರೆಯಿತು. ಸಾವಯವ ಧಾನ್ಯಕ್ಕೆ ನಿಶ್ಚಿತ ಮಾರುಕಟ್ಟೆ ಇಲ್ಲದಿದ್ದ ಕಾಲದಲ್ಲಿ ರೈತರಿಗೆ ಅಂತಹ ಮಾರುಕಟ್ಟೆಯನ್ನು ಒದಗಿಸಿದುದು ಈ ಸಮುದಾಯದ ಚಿರಸ್ಥಾಯಿಯಾದ ಕೊಡುಗೆಯಾಗಿದೆ.

ಎರೆವಾನ್ ಜೊತೆಗೆ ಸನಾಯೆ, ಸೆವೆಂತ್ ಇನ್ ಎಂಬ ಭೋಜನಾಲಯಗಳು, 1971ರಲ್ಲಿ 'ಈಸ್ಟ್ ವೆಸ್ಟ್ ಜರ್ನಲ್' ಪತ್ರಿಕೆ, 1972ರಲ್ಲಿ ಈಸ್ಟ್ ವೆಸ್ಟ್ ಪ್ರತಿಷ್ಠಾನ, 1978ರಲ್ಲಿ ಕುಶಿ ಇನ್‌ಸ್ಟಿಟ್ಯೂಟ್ ಸ್ಥಾಪನೆಗೊಂಡವು. ಅನ್ನ, ಉದ್ಯೋಗ, ವಿದ್ಯೆ, ವಾರ್ತೆ - ಎಲ್ಲವೂ ಒಂದೇ ಬಳಗದೊಳಗೆ ದೊರೆಯುವ ಸ್ಥಿತಿ ನಿರ್ಮಾಣವಾಯಿತು.

ವೈದ್ಯಕೀಯ ಸಂಶೋಧನೆಯ ಎರಡು ಮುಖಗಳು

ಒಂದೇ ಪ್ರದೇಶದಲ್ಲಿ ಒಂದೇ ಬಗೆಯ ಆಹಾರ ಸೇವಿಸುವ ನೂರಾರು ಜನ ದೊರೆತುದು ವೈದ್ಯ ವಿಜ್ಞಾನಿಗಳಿಗೆ ಅಪರೂಪದ ಅವಕಾಶವಾಯಿತು. ಫ್ರಾಂಕ್ ಸ್ಯಾಕ್ಸ್ ಮತ್ತು ಸಂಗಡಿಗರು ಬಾಸ್ಟನ್ನಿನ ಸಾಮೂಹಿಕ ಮನೆಗಳಲ್ಲಿದ್ದ 210 ಮಂದಿಯನ್ನು ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಸರಾಸರಿ ರಕ್ತದೊತ್ತಡ 106/60 ಎಂದು ಕಂಡುಬಂದಿತು. 1975ರ ಮತ್ತೊಂದು ಅಧ್ಯಯನದಲ್ಲಿ ಸಮುದಾಯದವರ ರಕ್ತದ ಕೊಲೆಸ್ಟರಾಲ್ ಪ್ರಮಾಣ ಸರಾಸರಿ 126 ಮಿಲಿಗ್ರಾಂ ಇದ್ದರೆ, ಹೋಲಿಕೆಗೆ ಆರಿಸಿಕೊಂಡ ಸಾಮಾನ್ಯ ಅಮೆರಿಕನ್ನರಲ್ಲಿ ಅದು 184 ಮಿಲಿಗ್ರಾಂ ಇತ್ತು. ಕೆಲವೇ ವರ್ಷಗಳ ಹಿಂದೆ ಅಪಾಯಕರವೆಂದು ಖಂಡಿಸಲ್ಪಟ್ಟಿದ್ದ ಆಹಾರಕ್ಕೆ ಇದರಿಂದ ಗೌರವ ಪ್ರಾಪ್ತವಾಯಿತು.

ಆದರೆ ಇದೇ ಸಂಶೋಧನೆಯ ಇನ್ನೊಂದು ಮುಖವು ಮಕ್ಕಳಿಗೆ ಸಂಬಂಧಿಸಿದುದು. ಸಮುದಾಯದ ಮೊದಲ ತಲೆಮಾರಿನವರು ಹಾಲು, ಮೊಟ್ಟೆಗಳನ್ನು ಉಂಡು ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಈ ಪಥ್ಯವನ್ನು ಸ್ವಇಚ್ಛೆಯಿಂದ ಸ್ವೀಕರಿಸಿದವರು. ಅವರ ಮಕ್ಕಳಿಗೆ ಅಂತಹ ಆಯ್ಕೆ ಇರಲಿಲ್ಲ. 1979ರಲ್ಲಿ ಜೊಹಾನಾ ಡ್ವಯರ್ ಮತ್ತು ಸಹೋದ್ಯೋಗಿಗಳು ಸಸ್ಯಾಹಾರಿ ಮಕ್ಕಳಲ್ಲಿ 'ಡಿ' ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ರೋಗದ ಅಪಾಯವನ್ನು ಗುರುತಿಸಿದರು. 1980ರ ದಶಕದಲ್ಲಿ ನೆದರ್ಲೆಂಡ್ಸ್ ದೇಶದ ಮ್ಯಾಕ್ರೋಬಯಾಟಿಕ್ ಕುಟುಂಬಗಳಲ್ಲಿ ಡಾಗ್ನೆಲಿ ಮತ್ತು ವಾನ್ ಸ್ಟಾವೆರೆನ್ ನಡೆಸಿದ ಅಧ್ಯಯನಗಳು, ತಾಯಿಹಾಲು ಬಿಡಿಸುವ ವಯಸ್ಸಿನ ಕೂಸುಗಳ ಬೆಳವಣಿಗೆ ಕುಂಠಿತವಾಗಿದ್ದುದನ್ನು ಸ್ಪಷ್ಟಪಡಿಸಿದವು. 1991ರಲ್ಲಿ ನ್ಯೂ ಇಂಗ್ಲೆಂಡಿನ ಮ್ಯಾಕ್ರೋಬಯಾಟಿಕ್ ಸಮುದಾಯವೊಂದರ 110 ವಯಸ್ಕರು ಮತ್ತು 42 ಮಕ್ಕಳನ್ನು ಕುರಿತು ಪ್ರಕಟವಾದ ವರದಿಯ ಪ್ರಕಾರ ಅರ್ಧಕ್ಕೂ ಹೆಚ್ಚು ವಯಸ್ಕರಲ್ಲಿ 'ಬಿ-12' ಜೀವಸತ್ವದ ಮಟ್ಟ ಕಡಿಮೆಯಾಗಿತ್ತು; ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಆ ಕೊರತೆಯನ್ನು ಸೂಚಿಸುವ ಲಕ್ಷಣ ಮೂತ್ರ ಪರೀಕ್ಷೆಯಲ್ಲಿ ಕಂಡಿತು. ಕಡಲ ಸಸ್ಯ ಮತ್ತು ಹುದುಗಿಸಿದ ಸೋಯಾ ಪದಾರ್ಥಗಳು ಈ ಕೊರತೆಯನ್ನು ತುಂಬುತ್ತವೆಂಬ ನಂಬಿಕೆ ನಿಲ್ಲಲಿಲ್ಲ. ವಯಸ್ಕರ ಹೃದಯಕ್ಕೆ ಹಿತವಾದುದು ಬೆಳೆಯುವ ಕೂಸಿಗೆ ಸಾಲದು ಎಂಬ ಸತ್ಯವನ್ನು ಈ ಅಧ್ಯಯನಗಳು ಒಟ್ಟಾಗಿ ಹೇಳುತ್ತವೆ.

ಅವನತಿಯ ಕಾರಣಗಳು

ಸಮುದಾಯದ ಅವನತಿಗೆ ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಆರ್ಥಿಕ ಕುಸಿತ. ಎರೆವಾನ್ ಸಂಸ್ಥೆಯು ಅದರ ಬಂಡವಾಳದ ಶಕ್ತಿಯನ್ನು ಮೀರಿ ವಿಸ್ತರಿಸಿತ್ತು. ಪ್ರತಿಸ್ಪರ್ಧಿಗಳು ಹೆಚ್ಚಿದರು, ಸಾಲ ಬೆಳೆಯಿತು. 1970ರ ದಶಕದ ಅಂತ್ಯದ ವೇಳೆಗೆ, ಒಂದು ಕಾಲಕ್ಕೆ ಸಾಧಕರೆಂದೇ ತಮ್ಮನ್ನು ಭಾವಿಸಿಕೊಂಡಿದ್ದ ನೌಕರರು ಕಾರ್ಮಿಕ ಸಂಘವನ್ನು ಕಟ್ಟಿಕೊಂಡರು. ಗುರು ಶಿಷ್ಯ ಸಂಬಂಧವು ಮಾಲೀಕ ಕಾರ್ಮಿಕ ಸಂಬಂಧವಾಗಿ ಮಾರ್ಪಟ್ಟುದರ ಸ್ಪಷ್ಟ ಕುರುಹು ಇದು. 1981ರ ನವೆಂಬರಿನಲ್ಲಿ ಸಂಸ್ಥೆ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆಹೊಕ್ಕಿತು. ಅನಂತರ ಅನ್ಯರ ಪಾಲಾಯಿತು. ಸಮುದಾಯದ ತರುಣರಿಗೆ ಉದ್ಯೋಗ ನೀಡುತ್ತಿದ್ದ ಮುಖ್ಯ ಆಧಾರವೇ ಇದರಿಂದ ಕಳಚಿತು.

ಎರಡನೆಯದು ಉದ್ದೇಶದ ಪಲ್ಲಟ. ಫಿಲಡೆಲ್ಫಿಯಾದ ಆಸ್ಪತ್ರೆಯೊಂದರ ಮುಖ್ಯಸ್ಥರಾಗಿದ್ದ ವೈದ್ಯ ಆಂಥೊನಿ ಸಟ್ಟಿಲಾರೋ ತಮ್ಮ ಕ್ಯಾನ್ಸರ್ ಈ ಆಹಾರದಿಂದ ಹಿಮ್ಮೆಟ್ಟಿತೆಂದು 1982ರಲ್ಲಿ ಗ್ರಂಥ ಬರೆದರು. ಅವರು ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನು ಚಿಕಿತ್ಸೆಯನ್ನೂ ಪಡೆದಿದ್ದರೆಂಬ ಅಂಶಕ್ಕೆ ಜನಮನದಲ್ಲಿ ಅಷ್ಟು ಮಹತ್ವ ದೊರೆಯಲಿಲ್ಲ. ವಿಶ್ವಶಾಂತಿಯ ಕನಸು ಹೊತ್ತ ತರುಣರ ಬದಲಿಗೆ, ಕೊನೆಯ ಆಸೆಯನ್ನು ಹಿಡಿದ ರೋಗಿಗಳು ಬಾಸ್ಟನ್ನಿಗೆ ಬರತೊಡಗಿದರು. ಸಟ್ಟಿಲಾರೋ 1989ರಲ್ಲಿ ನಿಧನರಾದರು. ಮಿಚಿಯೋ ದಂಪತಿಗಳ ಮಗ, ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಲಾರೆನ್ಸ್ ಕುಶಿ ಮತ್ತು ಸಹ ಲೇಖಕರು 2001ರಲ್ಲಿ ಪ್ರಕಟಿಸಿದ ಸಮೀಕ್ಷೆಯು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಈ ಆಹಾರದ ಪರಿಣಾಮಕ್ಕೆ ದೊರೆತ ವೈಜ್ಞಾನಿಕ ಆಧಾರ ಅತ್ಯಲ್ಪವೆಂದು ಒಪ್ಪಿಕೊಂಡಿತು. ಅದೇ ವರ್ಷ ಅವೆಲೀನ್, 2014ರಲ್ಲಿ ಮಿಚಿಯೋ, ಇಬ್ಬರೂ ಕ್ಯಾನ್ಸರಿನಿಂದಲೇ ಮರಣ ಹೊಂದಿದರು. ಒಬ್ಬಿಬ್ಬರ ಸಾವಿನಿಂದ ಆಹಾರ ಕ್ರಮವೊಂದರ ಗುಣದೋಷವನ್ನು ನಿರ್ಣಯಿಸಲಾಗದು. ಒಬ್ಬಿಬ್ಬರು ಗುಣವಾದುದರಿಂದಲೂ ಅದನ್ನು ನಿರ್ಣಯಿಸಲಾಗದು. ಆದರೆ ಎರಡನೆಯ ಬಗೆಯ ಸಾಕ್ಷ್ಯದ ಮೇಲೆ ಕೀರ್ತಿಯನ್ನು ಕಟ್ಟಿಕೊಂಡ ಸಮುದಾಯಕ್ಕೆ ಮೊದಲನೆಯ ಬಗೆಯ ಸಾಕ್ಷ್ಯದಿಂದ ಪೆಟ್ಟು ಬೀಳುವುದು ಅನಿವಾರ್ಯವಾಗಿತ್ತು.

ಮೂರನೆಯದು ಕೇಂದ್ರದ ಸ್ಥಳಾಂತರ. ಕುಶಿ ಇನ್‌ಸ್ಟಿಟ್ಯೂಟ್ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದ ಬೆಕೆಟ್ ಗ್ರಾಮದಲ್ಲಿದ್ದ, ಹಿಂದೆ ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ಸೇರಿದ್ದ ಸುಮಾರು 600 ಎಕರೆ ಜಾಗಕ್ಕೆ ವರ್ಗವಾಯಿತು. ಅಲ್ಲಿಗೆ ಬಂದವರು ಒಂದೆರಡು ವಾರ ಕಲಿತು ಹಿಂದಿರುಗುವವರೇ ಹೊರತು ನೆರೆಹೊರೆಯವರಾಗಿ ನೆಲೆಸುವವರಲ್ಲ. ನಗರದಲ್ಲಿದ್ದ ಅಧ್ಯಯನ ಗೃಹಗಳು ಒಂದೊಂದಾಗಿ ಮುಚ್ಚಿದವು. ಸ್ಥಾಪಕರ ಅನಂತರ ಅಷ್ಟೇ ಪ್ರಭಾವವುಳ್ಳ ನಾಯಕತ್ವವೂ ಮೂಡಲಿಲ್ಲ. 2017ರ ವೇಳೆಗೆ ಬೆಕೆಟ್ಟಿನ ಕೇಂದ್ರದ ಚಟುವಟಿಕೆಗಳು ಕೊನೆಗೊಂಡವು.

ನಾಲ್ಕನೆಯದು, ವಿರೋಧಾಭಾಸದಂತೆ ಕಂಡರೂ, ಸಮುದಾಯದ ಯಶಸ್ಸೇ ಆಗಿದೆ. ಕಂದು ಅಕ್ಕಿ, ಮಿಸೋ, ತೋಫು, ಸಾವಯವ ಧಾನ್ಯಗಳು ಕ್ರಮೇಣ ಎಲ್ಲ ದೊಡ್ಡ ಅಂಗಡಿಗಳಲ್ಲಿಯೂ ದೊರೆಯತೊಡಗಿದವು. ಬಾಸ್ಟನ್ ಪ್ರದೇಶದ 'ಬ್ರೆಡ್ ಅಂಡ್ ಸರ್ಕಸ್' ಎಂಬ ನೈಸರ್ಗಿಕ ಆಹಾರ ಮಳಿಗೆಗಳ ಸರಣಿಯನ್ನು 1992ರಲ್ಲಿ 'ಹೋಲ್ ಫುಡ್ಸ್' ಸಂಸ್ಥೆ ಕೊಂಡುಕೊಂಡಿತು. 'ಈಸ್ಟ್ ವೆಸ್ಟ್ ಜರ್ನಲ್' ಪತ್ರಿಕೆಯೂ 'ನ್ಯಾಚುರಲ್ ಹೆಲ್ತ್' ಎಂಬ ಸಾಮಾನ್ಯ ಹೆಸರನ್ನು ತಳೆಯಿತು. ಒಂದು ಚೀಲ ಅಕ್ಕಿಗಾಗಿ ಒಂದು ಬಳಗವನ್ನು ಸೇರಬೇಕಾದ ಅಗತ್ಯ ಉಳಿಯಲಿಲ್ಲ. ತಾಯಿಸಂಸ್ಥೆಯಿಂದ ಬೇರೆಯಾದ ಲಾಸ್ ಏಂಜಲೀಸಿನ ಎರೆವಾನ್ ಅನಂತರದ ದಿನಗಳಲ್ಲಿ ಸಿರಿವಂತರ ದುಬಾರಿ ಮಳಿಗೆಯೆಂದು ಹೆಸರಾಯಿತು.

ಉಪಸಂಹಾರ

1999ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ವಸ್ತುಸಂಗ್ರಹಾಲಯವು ಕುಶಿ ಕುಟುಂಬದ ದಾಖಲೆಗಳನ್ನು ತನ್ನ ಸಂಗ್ರಹದಲ್ಲಿ ಸೇರಿಸಿಕೊಂಡಿತು. ಸಮುದಾಯವು ಬದುಕಿದ್ದಂತೆಯೇ ಇತಿಹಾಸದ ವಸ್ತುವಾಯಿತು ಎನ್ನಬಹುದು. ಬಾಸ್ಟನ್ ಸಮುದಾಯದ ಚರಿತ್ರೆಯನ್ನು ಕೇವಲ ಮೂಢನಂಬಿಕೆಯ ಕಥೆಯೆಂದು ತಳ್ಳಿಹಾಕುವುದಾಗಲಿ, ಆರೋಗ್ಯ ಕ್ರಾಂತಿಯೆಂದು ಕೊಂಡಾಡುವುದಾಗಲಿ ಸಮಂಜಸವೆನಿಸದು. ಧಾನ್ಯ ಮತ್ತು ತರಕಾರಿಗಳಿಗೆ ಊಟದಲ್ಲಿ ಪ್ರಾಶಸ್ತ್ಯ ನೀಡಬೇಕೆಂಬ ಅದರ ಮಾತನ್ನು ಮುಂದಿನ ಪೋಷಣಾ ವಿಜ್ಞಾನ ಬಹುಮಟ್ಟಿಗೆ ಎತ್ತಿಹಿಡಿಯಿತು. ಆಹಾರವೇ ಸರ್ವರೋಗಗಳ ಮದ್ದೆಂಬ ಮಾತನ್ನು ಎತ್ತಿಹಿಡಿಯಲಿಲ್ಲ. ಮೊದಲನೆಯದು ಲೋಕದ ಸ್ವತ್ತಾಗಿ ಸಮುದಾಯದ ಕೈಬಿಟ್ಟಿತು. ಎರಡನೆಯದು ಸಮುದಾಯದ ಕೈಯಲ್ಲಿಯೇ ಉಳಿದು ಅದನ್ನು ಕುಗ್ಗಿಸಿತು. ಅನ್ನದ ಸುತ್ತ ಕಟ್ಟಿದ ಈ ಬಳಗದ ಏಳುಬೀಳುಗಳ ಅರ್ಥ ಇದರಲ್ಲಿಯೇ ಅಡಗಿದೆ.