ಕಂಡರಣೆಯಿಂದ ಕಿರಣದವರೆಗೆ: ವಿಜಯಪುರ ಸೀಮೆಯ ಅಕ್ಷರ ಕೆತ್ತನೆ

ಹೂವಿನ ಹಿಪ್ಪರಗಿಯಂತಹ ಊರುಗಳ ಶಾಲೆ, ಸಹಕಾರ ಸಂಘ, ಗುಡಿಗಳ ನಾಮಫಲಕಗಳನ್ನು ಕುಂಚದಿಂದ ಬರೆಯುತ್ತಿದ್ದ ಕಾಲವು ಬಹುಮಟ್ಟಿಗೆ ಹಿಂದೆ ಸರಿದು, ಲೇಸರ್ ಕಿರಣದಿಂದ ಕತ್ತರಿಸುವ ಮತ್ತು ಕೆತ್ತುವ ಯಂತ್ರಗಳ ಕಾಲ ಬಂದಿರುತ್ತದೆ. ಇದನ್ನು ಕೇವಲ ಯಂತ್ರಶಾಸ್ತ್ರದ ವಿಷಯವೆಂದು ಬಗೆದು ಇತಿಹಾಸದ ವಿದ್ಯಾರ್ಥಿಯು ಉದಾಸೀನನಾಗುವುದು ಯುಕ್ತವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪ್ರಾಚೀನ ಇತಿಹಾಸವನ್ನು ನಾವು ಅರಿತಿರುವುದು ಬಹುಪಾಲು ಕಲ್ಲಿನ ಮೇಲೆ ಕೆತ್ತಿದ ಅಕ್ಷರಗಳಿಂದ. ಕೆತ್ತುವ ರೀತಿ ಬದಲಾದಂತೆ ಆಧಾರದ ಸ್ವರೂಪವೂ ಬದಲಾಗುತ್ತದೆ. ಆ ಬದಲಾವಣೆ ನಿಜವಾಗಿ ಎಲ್ಲಿ ಸಂಭವಿಸಿದೆಯೆಂಬುದನ್ನು ಗುರುತಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಾಸನವೊಂದು ಸಿದ್ಧವಾಗಬೇಕಾದರೆ ಮೂರು ಬಗೆಯ ಕೆಲಸ ನಡೆಯಬೇಕಾಗಿತ್ತು: ಪಾಠವನ್ನು ರಚಿಸುವುದು, ಅದನ್ನು ನುಣುಪುಗೊಳಿಸಿದ ಕಲ್ಲಿನ ಮೇಲೆ ಬರೆಯುವುದು, ಬರೆದ ಗೆರೆಯನ್ನನುಸರಿಸಿ ಉಳಿಯಿಂದ ಕಂಡರಿಸುವುದು. ಅನೇಕ ಕನ್ನಡ ಶಾಸನಗಳ ಕೊನೆಯಲ್ಲಿ ರಚಿಸಿದ ಕವಿ, ಬರೆದ ಲೇಖಕ, ಕಂಡರಿಸಿದ ರೂವಾರಿ ಇವರ ಹೆಸರುಗಳು ಬೇರೆ ಬೇರೆಯಾಗಿ ಬರುವುದುಂಟು. ಒಬ್ಬನೇ ಎರಡು ಕೆಲಸ ಮಾಡಿದ ನಿದರ್ಶನವೂ ಇಲ್ಲದಿಲ್ಲ. ತಾಳಗುಂದದ ಕದಂಬ ಶಾಸನದ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. 1997ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ನಿರ್ಮಿಸಿದ ಗುಂಡನ ಹೆಸರೂ ಅವನು ಪಡೆದ ತ್ರಿಭುವನಾಚಾರಿ ಎಂಬ ಬಿರುದೂ ಕಲ್ಲಿನ ಮೇಲೆ ಉಳಿದಿವೆ. ಆದರೆ ಐಹೊಳೆಯ 634ರ ಸುಪ್ರಸಿದ್ಧ ಶಾಸನದಲ್ಲಿ ರವಿಕೀರ್ತಿಯು ತನ್ನನ್ನು ಕಾಳಿದಾಸ ಭಾರವಿಗಳಿಗೆ ಹೋಲಿಸಿಕೊಂಡನೇ ಹೊರತು ಉಳಿ ಹಿಡಿದವನನ್ನು ನೆನೆಯಲಿಲ್ಲ!

ಇಂತಹ ಅಕ್ಷರಗಳ ಬೆಲೆಯನ್ನು ತಿಳಿಯಲು ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬವೊಂದೇ ಸಾಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಈ ಶಾಸನವು ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನು ಹೇಳುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಸತಿಗಾಗಿ 27 ಮನೆಗಳನ್ನೂ ದೀಪದ ವೆಚ್ಚಕ್ಕಾಗಿ 12 ನಿವರ್ತನ ಭೂಮಿಯನ್ನೂ ಬಿಟ್ಟ ಸಂಗತಿ ನಮಗೆ ತಿಳಿದುಬಂದಿರುವುದು ಈ ಕಂಬದಿಂದಲೇ. ಇಂದಿನ ನಮ್ಮ ವಿದ್ಯಾಸಂಸ್ಥೆಗಳು ತಮ್ಮ ದಾನಿಗಳ ಹೆಸರನ್ನು ಆಕ್ರಿಲಿಕ್ ಹಾಳೆಗೆ ಒಪ್ಪಿಸುವಾಗ ಈ ಕಂಬವನ್ನೊಮ್ಮೆ ನೆನೆಯಬಹುದು.

ಅಕ್ಷರವನ್ನು ತಗ್ಗಾಗಿ ಕೊರೆಯುವ ಈ ಪದ್ಧತಿಯ ಪಕ್ಕದಲ್ಲಿ ಆದಿಲಶಾಹಿ ವಿಜಯಪುರವು ಇನ್ನೆರಡು ರೀತಿಗಳನ್ನು ಮೆರೆಯಿಸಿತು. ಸುತ್ತಣ ಹಿನ್ನೆಲೆಯನ್ನು ತೆಗೆದು ಅಕ್ಷರವನ್ನು ಉಬ್ಬಾಗಿ ನಿಲ್ಲಿಸುವುದು ಒಂದು. ಕಲ್ಲನ್ನು ಆರಪಾರವಾಗಿ ಕತ್ತರಿಸುವುದು ಮತ್ತೊಂದು. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಚಪ್ಪಡಿಗಳನ್ನು ಕತ್ತರಿಸಿ ಅರಬ್ಬೀ ಅಕ್ಷರಗಳ ಜಾಲಂಧ್ರಗಳನ್ನು ಮಾಡಿದ್ದಾರೆ. ಬೆಳಕು ಒಳಕ್ಕೆ ಬರುವುದು ಅಕ್ಷರಗಳ ನಡುವಣ ತೆರಪಿನಿಂದ. ಇಲ್ಲಿ ಲಿಪಿಕಾರನ ಸಮಸ್ಯೆ ಸೌಂದರ್ಯದ್ದಷ್ಟೇ ಆಗಿರಲಿಲ್ಲ. ಒಂದಕ್ಷರವು ಇನ್ನೊಂದನ್ನು ಹಿಡಿದಿರದಿದ್ದರೆ ಕಲ್ಲಿನ ತುಂಡು ಕಳಚಿ ಬೀಳುವುದು. ಆದುದರಿಂದ ಹೆಣೆದುಕೊಂಡ ಆ ಬರವಣಿಗೆಯು ಅಲಂಕಾರವೂ ಹೌದು, ಆಧಾರವೂ ಹೌದು. ಈ ಕಟ್ಟಡದ ಶಾಸನದಲ್ಲಿ ಮಲಿಕ್ ಸಂದಲನ ಹೆಸರು ಉಳಿದಿರುವುದು ಸಮಾಧಾನದ ವಿಷಯ.

ಕೊರೆಯುವುದು, ಕತ್ತರಿಸುವುದು ಎಂಬ ಇದೇ ಭೇದವನ್ನು ಲೇಸರ್ ಯಂತ್ರವೂ ಪಾಲಿಸುತ್ತದೆ. ಮೊದಲ ಲೇಸರನ್ನು ಅಮೆರಿಕದಲ್ಲಿ ಥಿಯೊಡೋರ್ ಮೈಮನ್ 1960ರಲ್ಲಿ ಸಾಧಿಸಿದನು. ಫಲಕ ತಯಾರಕರ ಕಾರ್ಯಾಗಾರಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು, ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಓದಿದ ಸಿ. ಕೆ. ಎನ್. ಪಟೇಲ್. ಸುಮಾರು 10.6 ಮೈಕ್ರಾನ್ ತರಂಗಾಂತರದ ಆ ಕಿರಣ ಕಣ್ಣಿಗೆ ಕಾಣದು. ಮರ ಮತ್ತು ಆಕ್ರಿಲಿಕ್‌ಗಳು ಅದನ್ನು ಚೆನ್ನಾಗಿ ಹೀರುತ್ತವೆ; ಹೊಳೆಯುವ ಲೋಹವು ಹಿಂದಕ್ಕೆಸೆಯುತ್ತದೆ. ಪಿ.ವಿ.ಸಿ. ಹಾಳೆಯನ್ನು ಅದರಿಂದ ಕತ್ತರಿಸಲಾಗದು, ವಿಷಮಯವಾದ ಆಮ್ಲದ ಹೊಗೆ ಹೊರಡುತ್ತದೆ. ಕಿರಣದ ಶಕ್ತಿಯನ್ನೂ ಚಲನೆಯ ವೇಗವನ್ನೂ ಹೊಂದಿಸಿ, ಮೇಲ್ಮೈಯನ್ನಷ್ಟೇ ಸುಡಬಹುದು ಅಥವಾ ಹಾಳೆಯನ್ನು ಆರಪಾರ ಕತ್ತರಿಸಬಹುದು. ರೋಜಾದ ಸಮಸ್ಯೆ ಇಲ್ಲಿಯೂ ಮರುಕಳಿಸುತ್ತದೆ. ಕನ್ನಡದ ಠಕಾರವನ್ನು ಕತ್ತರಿಸಿದರೆ ನಡುವಿನ ಚುಕ್ಕೆ ಬೇರೆಯಾಗಿ ಕೈಗೆ ಬರುತ್ತದೆ. ಹಾಳೆಯಲ್ಲಿ ತೂತಾಗಿ ಕತ್ತರಿಸಿದ ಸೊನ್ನೆಯ ಒಳಗಣ ಬಿಲ್ಲೆ ಉದುರಿಹೋಗುತ್ತದೆ. ಚುಕ್ಕೆಯನ್ನು ತನ್ನ ಸ್ಥಾನದಲ್ಲಿ ಅಂಟಿಸುವ ಕೆಲಸ ಈಗಲೂ ಮನುಷ್ಯನದೇ.

ಹಾಗಾದರೆ ಬದಲಾದುದು ಯಾವುದು? ಉಳಿಯ ಸ್ಥಾನಕ್ಕೆ ಕಿರಣ ಬಂದುದಕ್ಕಿಂತ ಮಹತ್ತರವಾದುದು ಮಧ್ಯದ ಕೆಲಸದಲ್ಲಾದ ಪಲ್ಲಟ. ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದವನ ಸ್ಥಾನವನ್ನು ಗಣಕಯಂತ್ರದ ಸಿದ್ಧ ಅಕ್ಷರರೂಪವು ಆಕ್ರಮಿಸಿದೆ. ಕುಂಚ ಹಿಡಿದವನಿಗೂ ತನ್ನದೇ ಒಂದು ತಲೆಕಟ್ಟು, ತನ್ನದೇ ಒಂದು ಒತ್ತಕ್ಷರದ ತಿರುವು ಇತ್ತು. ತಿಥಿಯಿಲ್ಲದ ಶಾಸನಕ್ಕೆ ಲಿಪಿಶಾಸ್ತ್ರಜ್ಞನು ಕಾಲ ನಿರ್ಣಯಿಸುವುದು ಅಕ್ಷರಗಳ ಇಂತಹ ಭೇದಗಳನ್ನು ಆಧರಿಸಿ. ಈಗಲೋ ಇಂಡಿಯ ಫಲಕವೂ ಬೀದರದ ಫಲಕವೂ ಒಂದೇ ಅಚ್ಚಿನ ಅಕ್ಷರಗಳಲ್ಲಿರಬಹುದು. ಫಲಕದಲ್ಲಿ ತಿಥಿಯಿಲ್ಲದಿದ್ದರೆ ಮುಂದಿನ ಸಂಶೋಧಕನಿಗೆ ಲಿಪಿಯಿಂದ ದೊರೆಯುವ ನೆರವು ಅತ್ಯಲ್ಪ. ಉದ್ಘಾಟಕರ ಹಾಗೂ ದಾನಿಗಳ ಹೆಸರು ದಪ್ಪಕ್ಷರಗಳಲ್ಲಿರುವ ಫಲಕಗಳಲ್ಲಿ ಅಕ್ಷರ ಜೋಡಿಸಿದವನ ಹೆಸರು ಕಾಣುವುದು ಅಪರೂಪ. ಇದು ಯಂತ್ರದ ದೋಷವೆಂದು ನನಗೆ ತೋರುವುದಿಲ್ಲ, ಬರೆಯಿಸುವವರ ಅನಾಸಕ್ತಿ.

ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳು ಹಳೆಯ ಶಾಸನಗಳೊಡನೆ ಇಂತಹ ಫಲಕಗಳನ್ನೂ ದಾಖಲಿಸತಕ್ಕದ್ದು: ಯಾವ ವಸ್ತು, ಯಾವ ಅಕ್ಷರರೂಪ, ಯಾವ ಅಂಗಡಿ, ಯಾವ ವರ್ಷ ಎಂಬಿಷ್ಟನ್ನು ಮಾಡಿದವರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಕರಿಯ ಗ್ರಾನೈಟಿನ ಮೇಲೆ ಲೇಸರ್ ಕಿರಣವು ಆಳವಾಗಿ ಕೊರೆಯದೆ, ಮೇಲ್ಮೈಯ ಹರಳುಗಳನ್ನು ಸೂಕ್ಷ್ಮವಾಗಿ ಬಿರಿಯಿಸಿ ಬೂದುಬಿಳುಪಿನ ಗುರುತನ್ನು ಮೂಡಿಸುತ್ತದೆ. ಒದ್ದೆ ಕಾಗದವನ್ನು ಬ್ರಷ್ಷಿನಿಂದ ಬಡಿದು ಮಸಿಯ ಪಡಿಯಚ್ಚು ತೆಗೆಯುವ ನಮ್ಮ ಹಳೆಯ ಕ್ರಮಕ್ಕೆ ಇಷ್ಟು ತಗ್ಗು ಸಾಲದು. ಇಂತಹ ಫಲಕಗಳನ್ನು ಪಕ್ಕದಿಂದ ಬೆಳಕು ಬಿಟ್ಟು ಛಾಯಾಚಿತ್ರ ತೆಗೆಯುವುದೇ ಉಚಿತ. ಸಾಧ್ಯವಾದಲ್ಲಿ ಯಂತ್ರಕ್ಕೆ ಕೊಟ್ಟ ಮೂಲ ನಕ್ಷೆಯ ಕಡತವನ್ನೂ ಅಂಗಡಿಯವರಿಂದ ಕೇಳಿ ಪಡೆಯಬೇಕು.